ಹಡಗಿನ ಕೋಣೆ ನೋಡಿದೆವು, ವಿಮಾನದ ಸೀಟು ನೋಡಲಿಲ್ಲ

ನನ್ನ ಅಪ್ಪ ಹಾಸನ ಡಿಪೊದಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದವರು. ಬಸ್ಸು ಎಷ್ಟೇ ತುಂಬಿರಲಿ, ಕೂಸು ಎತ್ತಿಕೊಂಡ ಹೆಂಗಸು ಹತ್ತಿದರೆ ಕಾಲೇಜು ಹುಡುಗರನ್ನು ಎಬ್ಬಿಸಿ ಜಾಗ ಮಾಡುತ್ತಿದ್ದರು. ಗಂಡ ಮುಂದೆ, ಹೆಂಡತಿ ಹಿಂದೆ ಸಿಕ್ಕಿಕೊಂಡಿದ್ದರೆ ಮಧ್ಯದವರಿಗೆ ಒಂದು ಮಾತು ಹೇಳಿ ಜೊತೆಗೆ ಕೂರಿಸುತ್ತಿದ್ದರು. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವನ ಜೊತೆ ಜಗಳ ಬಿಡಿಸುವುದಂತೂ ದಿನದ ಕೆಲಸ.

ಅಂಥ ಅಪ್ಪ ಕಳೆದ ಜೂನ್‌ನಲ್ಲಿ ನೆವಾರ್ಕ್‌ನಿಂದ ಸಿಯಾಟಲ್‌ಗೆ ಹೊರಟ ವಿಮಾನದಲ್ಲಿ 22ನೇ ಸಾಲಿನ ನಡುವಿನ ಸೀಟಿನಲ್ಲಿ ಇಬ್ಬರು ಅಪರಿಚಿತರ ಮಧ್ಯೆ ಕೂತಿದ್ದರು. ಅಮ್ಮ 31ನೇ ಸಾಲಿನ ಕಿಟಕಿಯ ಪಕ್ಕ. ನಾನು, ಹೆಂಡತಿ, ನಾಲ್ಕು ವರ್ಷದ ಮಗ 14ನೇ ಸಾಲಿನಲ್ಲಿ, ಮೂವರೂ ಜೊತೆಗೆ, ಆರಾಮಾಗಿ. ಸುಮಾರು ಆರು ಗಂಟೆಯ ಹಾರಾಟ. ಅಪ್ಪ ಆಗಾಗ ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದರಂತೆ. ನಾನು ಒಂದು ಸಲವೂ ತಿರುಗಿ ನೋಡಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಿನಿಮಾ ನೋಡುತ್ತಿದ್ದೆ.

ಈ ಪುಟ ಓದುವ ಅನೇಕರ ಮನೆಯಲ್ಲಿ ಈಗ ಇದೇ ಮಾತುಕತೆ ನಡೆದಿರಬಹುದು. ಬೇಸಿಗೆಗೆ ಅಪ್ಪ-ಅಮ್ಮ ಅಮೆರಿಕಕ್ಕೆ ಬರುತ್ತಾರೆ, ನಯಾಗರ ಹೋದ ಸಲವೇ ಆಯಿತು, ಈ ಸಲ ಕ್ರೂಸ್ ಮಾಡಿಸೋಣ. ನನಗೆ ಅನಿಸುವಂತೆ ಕ್ರೂಸ್ ವಯಸ್ಸಾದವರಿಗೆ ಹೇಳಿ ಮಾಡಿಸಿದ ಪ್ರವಾಸವೇ. ದಿನಾ ಹೋಟೆಲ್ ಬದಲಿಸಬೇಕಿಲ್ಲ, ಸೂಟ್‌ಕೇಸ್ ಎಳೆಯಬೇಕಿಲ್ಲ, ಮೊದಲೇ ಹೇಳಿದರೆ ಸಸ್ಯಾಹಾರವೂ ಸಿಗುತ್ತದೆ. ನನ್ನ ತಕರಾರು ಹಡಗಿನ ಮೇಲಲ್ಲ, ಹಡಗಿನವರೇ ಕೊಡಿಸುವ ವಿಮಾನದ ಟಿಕೆಟ್ಟಿನ ಮೇಲೆ. ಅದಕ್ಕಿಂತ ಹೆಚ್ಚಾಗಿ, ಅದನ್ನು ಕಣ್ಣುಮುಚ್ಚಿ ಒಪ್ಪಿಕೊಂಡ ನನ್ನಂಥ ಮಕ್ಕಳ ಮೇಲೆ.

ಇಲ್ಲಿನ ದೊಡ್ಡ ಕ್ರೂಸ್ ಕಂಪನಿಗಳು ಕೋಣೆಯ ಜೊತೆಗೆ ವಿಮಾನವನ್ನೂ ಬುಕ್ ಮಾಡಿಕೊಡುತ್ತವೆ. ಹಲವು ಸಲ ಅದು ನಾವೇ ಕೊಳ್ಳುವುದಕ್ಕಿಂತ ಅಗ್ಗ. ವಿಮಾನ ತಡವಾಗಿ ಹಡಗು ತಪ್ಪಿಹೋದರೆ ಮುಂದಿನ ಬಂದರಿಗೆ ತಲುಪಿಸಲು ಸಹಾಯ ಮಾಡುತ್ತೇವೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹಡಗು ನಿಮಗಾಗಿ ಕಾಯುತ್ತದೆ ಎಂದು ಅದರ ಅರ್ಥವಲ್ಲ, ಆದರೂ ಧೈರ್ಯದ ಮಾತು. ನಾನೂ ಡಿಸೆಂಬರ್‌ನಲ್ಲಿ ಕೋಣೆ ಬುಕ್ ಮಾಡುವಾಗ 'ವಿಮಾನವನ್ನೂ ಸೇರಿಸಿ' ಎಂಬ ಬಟನ್ ಒತ್ತಿ ಒಂದು ಕೆಲಸ ಕಳೆಯಿತು ಅಂದುಕೊಂಡೆ. ಕಂಪನಿಯ ಹೆಸರು ಹೇಳುವುದಿಲ್ಲ, ಬೇರೆಯವರ ಬಳಿ ಬುಕ್ ಮಾಡಿದ ಸ್ನೇಹಿತರಿಗೂ ಹೆಚ್ಚುಕಡಿಮೆ ಇದೇ ಅನುಭವ ಆಗಿದೆ.

ಆಮೇಲಿನ ನಾಲ್ಕು ತಿಂಗಳು ನಮ್ಮ ತಲೆಯಲ್ಲಿ ಇದ್ದದ್ದು ವೀಸಾ ಒಂದೇ. ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗಿ ಮರಳಿ ಅಲ್ಲಿಗೇ ಬರುವ ಈ ದೊಡ್ಡ ಹಡಗುಗಳು ಬೇರೆ ದೇಶಗಳ ಧ್ವಜ ಹೊತ್ತವು. 1886ರ ಒಂದು ಅಮೆರಿಕನ್ ಕಾಯ್ದೆಯ ಪ್ರಕಾರ ಇಂಥ ಹಡಗು ನಡುವೆ ಒಂದಾದರೂ ಪರದೇಶದ ಬಂದರು ಮುಟ್ಟಲೇಬೇಕು. ಹಾಗಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ಆ ಕೆಲವು ಗಂಟೆಗಾಗಿ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾ ವೀಸಾ ಬೇಕು. ಅಪ್ಪ-ಅಮ್ಮ ಹಾಸನದಿಂದ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದರು. ವೀಸಾ ಬಂದ ದಿನ ಮನೆಯಲ್ಲಿ ಪಾಯಸ. ಸೀಟಿನ ಬಗ್ಗೆ ನಾನು ಅಷ್ಟು ಹೊತ್ತಿಗೆ ನಾಲ್ಕು ನಿಮಿಷವೂ ಯೋಚಿಸಿರಲಿಲ್ಲ.

ಯೋಚಿಸಿದಾಗ ಏನಾಯಿತು ಕೇಳಿ. ಹಡಗಿನ ಕಂಪನಿಗೆ ಫೋನ್ ಮಾಡಿದರೆ, 'ಸೀಟು ವಿಮಾನದವರ ವಿಷಯ, ಅವರನ್ನು ಕೇಳಿ' ಎಂದರು. ವಿಮಾನದವರನ್ನು ಕೇಳಿದರೆ, 'ನಿಮ್ಮ ಟಿಕೆಟ್ಟೇ ಇನ್ನೂ ಇಶ್ಯೂ ಆಗಿಲ್ಲ, ಬುಕ್ ಮಾಡಿದವರನ್ನು ಕೇಳಿ' ಎಂದರು. ಇಬ್ಬರೂ ಸುಳ್ಳು ಹೇಳಲಿಲ್ಲ. ಕ್ರೂಸ್ ಕಂಪನಿಗಳು ವಿಮಾನ ಕಂಪನಿಗಳ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡು ವಿಶೇಷ ದರದಲ್ಲಿ ಟಿಕೆಟ್ ಪಡೆಯುತ್ತವೆ. ನಾವು ಹಡಗಿನ ಪೂರ್ತಿ ಹಣ ಕಟ್ಟಿದ ಮೇಲೆ, ಪ್ರಯಾಣ ಹತ್ತಿರ ಬಂದಾಗ ಟಿಕೆಟ್ ಇಶ್ಯೂ ಆಗುವುದು ಸಾಮಾನ್ಯ. ಅಷ್ಟರಲ್ಲಿ ನೇರವಾಗಿ ಕೊಂಡವರು ಒಳ್ಳೆಯ ಸೀಟು ಆರಿಸಿಕೊಂಡಿರುತ್ತಾರೆ. ಆ ವಿಶೇಷ ದರದಲ್ಲಿ ಎಷ್ಟೋ ಸಲ ಉಚಿತವಾಗಿ ಸೀಟು ಆರಿಸುವ ಅವಕಾಶ ಇರುವುದಿಲ್ಲ. ದರ ಯಾಕೆ ಅಗ್ಗ ಎಂಬುದಕ್ಕೆ ಉತ್ತರ ಅಲ್ಲಿಯೂ ಸ್ವಲ್ಪ ಇದೆ.

ಇನ್ನೊಂದು ಸಂಗತಿ ನನಗೆ ತಡವಾಗಿ ಗೊತ್ತಾಯಿತು. ಹಡಗಿನ ಕಂಪನಿ ಕೊಡುವ ಬುಕಿಂಗ್ ನಂಬರ್ ಬೇರೆ, ವಿಮಾನದವರ ಆರು ಅಕ್ಷರದ ಪಿಎನ್ಆರ್ ಬೇರೆ. ಮೊದಲನೆಯದನ್ನು ವಿಮಾನದವರಿಗೆ ಹೇಳಿದರೆ ಅವರಿಗೆ ಏನೂ ಕಾಣುವುದಿಲ್ಲ. ಕ್ರೂಸ್‌ನಲ್ಲಿ ಲೆಕ್ಕವೆಲ್ಲ ಕೋಣೆಗೊಂದರಂತೆ. ನಾವು ಐದು ಜನ, ಎರಡು ಕೋಣೆ. ನಾವು ಮೂವರು ಒಂದರಲ್ಲಿ, ಅಪ್ಪ-ಅಮ್ಮ ಪಕ್ಕದ್ದರಲ್ಲಿ. ಎರಡು ಕೋಣೆ ಎಂದರೆ ಎರಡು ಬುಕಿಂಗ್, ಎರಡು ಬುಕಿಂಗ್ ಎಂದರೆ ಎರಡು ಪಿಎನ್ಆರ್. ಹಡಗಿನಲ್ಲಿ ಗೋಡೆ ಹಂಚಿಕೊಂಡ ಕುಟುಂಬ ವಿಮಾನದ ಕಂಪ್ಯೂಟರಿಗೆ ಪರಸ್ಪರ ಗುರುತಿಲ್ಲದ ಎರಡು ಗುಂಪು. ನಮ್ಮ ದಾಖಲೆಯಲ್ಲಿ ನಾಲ್ಕು ವರ್ಷದ ಮಗು ಇದ್ದುದರಿಂದ ಮೂವರನ್ನು ಒಟ್ಟಿಗೆ ಹಾಕಿದರು. ಇನ್ನೊಂದರಲ್ಲಿ ಇಬ್ಬರು ವಯಸ್ಕರು, ಅವರಿಗೆ ಉಳಿದ ಜಾಗ.

ಅದನ್ನು ತಪ್ಪಿಸಲು ದಾರಿ ಇರಲಿಲ್ಲವೇ? ಇತ್ತು. ಏಪ್ರಿಲ್‌ನಲ್ಲಿ ಟಿಕೆಟ್ ಇಶ್ಯೂ ಆದಾಗ ಪಿಎನ್ಆರ್ ಹುಡುಕಿ ನೋಡಿದೆ. ಒಂದು ಸೀಟು ಆರಿಸಲು 45 ಡಾಲರ್ ಕೇಳುತ್ತಿತ್ತು. ಐದು ಜನರಿಗೆ ಹೋಗಿ ಬರಲು 450. ಸುಮ್ಮನೆ ಯಾಕೆ ದಂಡ, ಚೆಕ್-ಇನ್ ಮಾಡುವಾಗ ಹೇಗಿದ್ದರೂ ಗಂಡ-ಹೆಂಡತಿಯನ್ನು ಜೊತೆಗೆ ಹಾಕುತ್ತಾರೆ ಅಂದುಕೊಂಡೆ. ಅಪ್ಪ-ಅಮ್ಮನಿಗಷ್ಟೇ ಆರಿಸಿದ್ದರೆ 180 ಡಾಲರ್‌ನಲ್ಲಿ ಮುಗಿಯುತ್ತಿತ್ತು. ಅಪ್ಪ-ಅಮ್ಮ ಸಮುದ್ರ ನೋಡಲಿ ಎಂದು ಅವರ ಕೋಣೆಗೆ ಬಾಲ್ಕನಿ ಬೇಕೆಂದು 1,200 ಡಾಲರ್ ಹೆಚ್ಚಿಗೆ ಕೊಟ್ಟವನೂ ನಾನೇ. ಬಾಲ್ಕನಿಯ ಫೋಟೊ ಊರಿಗೆ ಕಳಿಸಬಹುದು. ಸೀಟಿನ ಫೋಟೊ ಯಾರು ಕಳಿಸುತ್ತಾರೆ?

ಆ ದಿನದ ಕಥೆ ಇಷ್ಟು. ಬೆಳಗಿನ ವಿಮಾನ, ನಸುಕಿನ ಮೂರೂವರೆಗೆ ಎಡಿಸನ್‌ನ ಮನೆ ಬಿಟ್ಟೆವು. ಅಮ್ಮನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಅಭ್ಯಾಸ ಬಲದಿಂದ ಬೆಳಗಿನ ಮಾತ್ರೆ ನುಂಗಿದರು. ಚಪಾತಿ ಡಬ್ಬಿ, ಬಾಳೆಹಣ್ಣು, ಮಾತ್ರೆಯ ಚೀಲ ಎಲ್ಲ ಅಪ್ಪನ ಬ್ಯಾಗಿನಲ್ಲಿ. ಅದು 22ನೇ ಸಾಲಿನ ಮೇಲಿನ ಗೂಡಿಗೆ ಹೋಯಿತು. ಗೇಟಿನಲ್ಲಿ ಕೇಳಿಕೊಂಡೆ, ವಿಮಾನ ತುಂಬಿದೆ, ಒಳಗೆ ಹೋಗಿ ಸಿಬ್ಬಂದಿಯನ್ನು ಕೇಳಿ ಎಂದರು. ಒಳಗೆ ಹೋದ ಮೇಲೆ ಮಗ ರಚ್ಚೆ ಹಿಡಿದ. ಅಮ್ಮನೇ, 'ಇರ್ಲಿ ಬಿಡೋ, ನಾಲ್ಕು ತಾಸು ಕೂತ್ಕೊಂಡ್ರೆ ಏನಾಯ್ತು, ಹಾಸನದಿಂದ ಧರ್ಮಸ್ಥಳಕ್ಕೆ ಹೋದ ಹಾಗೆ' ಎಂದರು. ನಾನೂ ಬಿಟ್ಟೆ.

ಎರಡೂವರೆ ಗಂಟೆ ಕಳೆದಿರಬಹುದು. ಸಿನಿಮಾ ನಿಂತು ಧ್ವನಿವರ್ಧಕದಲ್ಲಿ, ಹಿಂದಿ ಮಾತನಾಡುವವರು ಯಾರಾದರೂ ಇದ್ದರೆ ದಯವಿಟ್ಟು ಕರೆಗಂಟೆ ಒತ್ತಿ ಎಂಬ ಪ್ರಕಟಣೆ ಬಂತು. ಯಾರಿಗೋ ಏನೋ ಆಗಿದೆ ಅಂದುಕೊಂಡೆ. ನನ್ನ ಅಮ್ಮನಿಗೆ ಹಿಂದಿ ಬರುವುದಿಲ್ಲವಲ್ಲ, ಹಾಗಾಗಿ ನಮ್ಮವರಿರಬಹುದು ಎಂಬ ಯೋಚನೆ ತಕ್ಷಣಕ್ಕೆ ಬರಲೇ ಇಲ್ಲ. ಬಂದು ಎದ್ದು ಓಡುವ ಹೊತ್ತಿಗೆ ಅಪ್ಪ ಅಲ್ಲಿದ್ದರು. ಸೀಟ್ ಬೆಲ್ಟ್ ದೀಪ ಉರಿಯುತ್ತಿದ್ದರೂ, ಗಗನಸಖಿ ಕೂರಿ ಎಂದು ಕೈ ತೋರಿಸುತ್ತಿದ್ದರೂ ಕೂರದೆ, 'ಮೈ ವೈಫ್, ಮೈ ವೈಫ್' ಎನ್ನುತ್ತ ಸೀಟಿನ ಬೆನ್ನು ಹಿಡಿದುಕೊಂಡು ನಡೆದಿದ್ದರು. ಅಮ್ಮ ಬೆವತು ಹೋಗಿದ್ದರು, ಕೈ ನಡುಗುತ್ತಿತ್ತು. ಪಕ್ಕದಲ್ಲಿದ್ದ ಅಮೆರಿಕದ ಅಜ್ಜಿಯೊಬ್ಬರು ಗಮನಿಸಿ ಗಂಟೆ ಒತ್ತಿದ್ದರು. ಕಿತ್ತಳೆ ಜ್ಯೂಸ್ ಕುಡಿಸಿದ ಹತ್ತು-ಹದಿನೈದು ನಿಮಿಷಕ್ಕೆ ಅಮ್ಮ ಸುಧಾರಿಸಿಕೊಂಡರು. ಅದೇ ಸಾಲಿನ ನಡೆದಾರಿ ಬದಿಯ ಹುಡುಗ ತಾನಾಗಿ ಎದ್ದು, ಅಪ್ಪನನ್ನು ಅಲ್ಲಿ ಕೂರಿಸಿ, 22ನೇ ಸಾಲಿನ ನಡುಸೀಟಿಗೆ ಹೋದ. ಕಾಲು ನೀಟಲೂ ಜಾಗ ಇಲ್ಲದಷ್ಟು ಎತ್ತರದ ಹುಡುಗ. ಸೀಟಿಗೆ ಕೊಟ್ಟ ದುಡ್ಡು ಕೊಡುತ್ತೇನೆ ಎಂದರೆ ನಕ್ಕುಬಿಟ್ಟ.

ಅವನಿಗೆ ನಾನು ಋಣಿ. ಆದರೆ ದುಡ್ಡು ಕೊಟ್ಟು ತಿಂಗಳ ಮೊದಲೇ ಸೀಟು ಹಿಡಿದವನನ್ನು ಎಬ್ಬಿಸುವ ಹಕ್ಕು ನಮಗಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ನೋಡುತ್ತೇವೆ, 'ವಯಸ್ಸಾದವರು ಎಂದರೂ ಸೀಟು ಬಿಡಲಿಲ್ಲ, ಮನುಷ್ಯತ್ವ ಇಲ್ಲದ ಜನ' ಎಂಬ ಸಂದೇಶಗಳು. ಅದು ಅನ್ಯಾಯದ ಮಾತು. ಅವನಿಗೂ ಬೆನ್ನು ನೋವಿರಬಹುದು. ನಾವು ಉಳಿಸಿದ ದುಡ್ಡಿಗೆ ಅವನು ಯಾಕೆ ನಡುಸೀಟಿನಲ್ಲಿ ಕೂರಬೇಕು? ಜೊತೆಗೆ ಕೂರಿಸುವ ಹೊಣೆ ಟಿಕೆಟ್ ಮಾರಿದವರದು, ಕೊಂಡವರದು.

ಮಾರಿದವರ ಹೊಣೆಯ ಬಗ್ಗೆ ನಿಯಮಗಳು ಮಕ್ಕಳ ಮಟ್ಟಿಗೆ ನಿಧಾನವಾಗಿ ಬರುತ್ತಿವೆ. ಭಾರತದಲ್ಲಿ ಡಿಜಿಸಿಎ 2024ರ ಏಪ್ರಿಲ್‌ನಲ್ಲಿ, 12 ವರ್ಷದವರೆಗಿನ ಮಕ್ಕಳಿಗೆ ಅದೇ ಪಿಎನ್ಆರ್‌ನಲ್ಲಿರುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕವಾದರೂ ಸೀಟು ಕೊಡಬೇಕೆಂದು ವಿಮಾನ ಕಂಪನಿಗಳಿಗೆ ಸೂಚಿಸಿತು. 'ಅದೇ ಪಿಎನ್ಆರ್' ಎಂಬುದನ್ನು ಗಮನಿಸಿ. ಅಮೆರಿಕದ ಸಾರಿಗೆ ಇಲಾಖೆ ಅದೇ ವರ್ಷದ ಆಗಸ್ಟ್‌ನಲ್ಲಿ, 13 ವರ್ಷದವರೆಗಿನ ಮಕ್ಕಳನ್ನು ಹೆಚ್ಚುವರಿ ಶುಲ್ಕವಿಲ್ಲದೆ ಹಿರಿಯರ ಪಕ್ಕ ಕೂರಿಸಬೇಕೆಂಬ ಕರಡು ನಿಯಮ ಹೊರಡಿಸಿತು. ಬ್ರಿಟನ್‌ನ ವಿಮಾನಯಾನ ಪ್ರಾಧಿಕಾರದ ಮಾರ್ಗಸೂಚಿಯಲ್ಲೂ ಚಿಕ್ಕ ಮಕ್ಕಳು ಮತ್ತು ದೊಡ್ಡವರ ನಡುವೆ ಒಂದು ಸಾಲಿಗಿಂತ ಹೆಚ್ಚು ಅಂತರ ಇರಬಾರದು ಎಂದಿದೆ. ಎಲ್ಲ ಸರಿ. 68 ವರ್ಷದ, ಇಂಗ್ಲಿಷ್-ಹಿಂದಿ ಎರಡೂ ಬಾರದ, ಸಕ್ಕರೆ ಕಾಯಿಲೆಯ ಹೆಂಗಸಿನ ಬಗ್ಗೆ ಇವುಗಳಲ್ಲಿ ಮಾತಿಲ್ಲ.

ಅಂಗವೈಕಲ್ಯ ಇದ್ದವರಿಗೆ ಅಮೆರಿಕದಲ್ಲಿ 1986ರ ಕಾಯ್ದೆಯ ರಕ್ಷಣೆ ಇದೆ. ಕಿವಿ ಕೇಳದವರಿಗೆ ಸಂಜ್ಞೆ ಭಾಷೆಯಲ್ಲಿ ತಿಳಿಸಿ ಹೇಳುವವರು, ಪ್ರಯಾಣದಲ್ಲಿ ಆರೈಕೆಗೆ ಬೇಕಾದವರು ಜೊತೆಗಿದ್ದರೆ, ಕೇಳಿದಾಗ ಪಕ್ಕದ ಸೀಟು ಕೊಡಬೇಕು. ಆದರೆ ಭಾಷೆ ಬಾರದಿರುವುದು ಅಂಗವೈಕಲ್ಯ ಅಲ್ಲ, ಹಾಗೆ ಹೇಳಿಕೊಳ್ಳಲೂಬಾರದು. ನಮ್ಮಲ್ಲಿ ಬಹಳಷ್ಟು ಮಂದಿ ಇದಕ್ಕೆ ಕಂಡುಕೊಂಡ ಉಪಾಯ ವೀಲ್‌ಚೇರ್. ನಡೆಯಲು ಬರುವ ಅಪ್ಪ-ಅಮ್ಮನಿಗೂ ದಾರಿ ತೋರಿಸಲು ಒಬ್ಬರು ಸಿಗಲಿ ಎಂದು ಅದನ್ನು ಹಾಕಿಸುತ್ತೇವೆ. ಸರಿಯೋ ತಪ್ಪೋ, ಆ ಚರ್ಚೆ ಇನ್ನೊಂದು ದಿನಕ್ಕಿರಲಿ. ಒಂದು ಮಾತು ಮಾತ್ರ ತಿಳಿದಿರಲಿ: ವೀಲ್‌ಚೇರ್ ತಳ್ಳುವವರು ವಿಮಾನದ ಬಾಗಿಲವರೆಗೆ ಬಿಟ್ಟು ಹೋಗುತ್ತಾರೆ. ಅದನ್ನು ಕೇಳಿದ ಮಾತ್ರಕ್ಕೆ ಗಂಡ-ಹೆಂಡತಿಗೆ ಜೊತೆ ಸೀಟು ಸಿಗುವುದಿಲ್ಲ.

ಹಾಗಾಗಿ ಕ್ರೂಸ್ ಕಂಪನಿಗಳ ಮೇಲೆ ನನ್ನದೊಂದು ನೇರ ಆಕ್ಷೇಪ ಇದೆ. ಕೋಣೆ ಬುಕ್ ಮಾಡುವಾಗ ನಮ್ಮ ವಯಸ್ಸು ಕೇಳುತ್ತಾರೆ, ಆಹಾರ ಕೇಳುತ್ತಾರೆ, ಊಟದ ಮೇಜಿನಲ್ಲಿ ಎರಡು ಕೋಣೆಯವರನ್ನು ಒಟ್ಟಿಗೆ ಕೂರಿಸಲು ಬುಕಿಂಗ್‌ಗಳನ್ನು ಜೋಡಿಸಿಯೂ ಕೊಡುತ್ತಾರೆ. ಊಟಕ್ಕೆ ಆಗುವ ಜೋಡಣೆ ವಿಮಾನಕ್ಕೆ ಯಾಕೆ ಆಗುವುದಿಲ್ಲ? ಕನಿಷ್ಠ, ಈ ದರದಲ್ಲಿ ಸೀಟು ಆರಿಸಲು ಬರುವುದಿಲ್ಲ, ಜೊತೆಗೆ ಕೂರುವ ಖಾತ್ರಿ ಇಲ್ಲ ಎಂದು ಹಣ ಕಟ್ಟುವ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಲಿ. ನನಗೆ ಅದು ಸಿಕ್ಕಿದ್ದು ಷರತ್ತುಗಳ ಉದ್ದನೆಯ ದಾಖಲೆಯ ಒಳಗೆ, ಅದೂ ಪ್ರಯಾಣ ಮುಗಿದ ಮೇಲೆ ಹುಡುಕಿದಾಗ.

ಅಲ್ಲಿಯವರೆಗೆ ಕೆಲಸ ನಮ್ಮದೇ. ಹಣ ಕಟ್ಟುವ ಮೊದಲು ಹಡಗಿನವರನ್ನು ಕೇಳಿ: ಸೀಟು ಆರಿಸಬಹುದಾದ ದರವೇ ಇದು, ಟಿಕೆಟ್ ಯಾವಾಗ ಇಶ್ಯೂ ಆಗುತ್ತದೆ? ಇಶ್ಯೂ ಆದ ದಿನವೇ ಪ್ರತಿ ಕೋಣೆಯ ಪಿಎನ್ಆರ್ ಬರೆದುಕೊಳ್ಳಿ. ಟಿಕೆಟ್ ಒಂದು ಕಂಪನಿಯದು, ಹಾರಾಟ ಇನ್ನೊಂದರದು ಎಂದಾದರೆ ಹಾರಿಸುವವರ ಪಿಎನ್ಆರ್ ಬೇರೆಯೇ ಇರಬಹುದು, ಅದನ್ನೂ ಕೇಳಿ. ಆಮೇಲೆ ವಿಮಾನದವರಿಗೆ ಫೋನ್ ಮಾಡಿ, ಈ ಎರಡು ದಾಖಲೆಯವರು ಒಂದೇ ಕುಟುಂಬ ಎಂದು ಟಿಪ್ಪಣಿ ಹಾಕಿಸಿ. ಕಾಯಿಲೆ ಇದ್ದರೆ ಹೇಳಿ. ಇಷ್ಟೆಲ್ಲ ಆದ ಮೇಲೂ ವೇಳೆ ಬದಲಾದರೆ, ವಿಮಾನ ಬದಲಾದರೆ ಆರಿಸಿದ ಸೀಟು ಹೋಗಿಬಿಡಬಹುದು. ಹಾಗಾಗಿ ವಾರಕ್ಕೊಮ್ಮೆ ತೆರೆದು ನೋಡುವುದು ಒಳ್ಳೆಯದು. ಇಷ್ಟು ರಗಳೆ ಬೇಡ ಎನ್ನುವವರು ಹಡಗನ್ನಷ್ಟೇ ಅವರಲ್ಲಿ ಬುಕ್ ಮಾಡಿ, ವಿಮಾನ ತಾವೇ ಕೊಂಡು, ಒಂದು ದಿನ ಮೊದಲೇ ಬಂದರಿನ ಊರು ಸೇರಿಕೊಳ್ಳಲಿ. ವಯಸ್ಸಾದವರಿದ್ದರೆ ಇದೇ ವಾಸಿ ಎಂಬುದು ಈಗ ನನ್ನ ಅಭಿಪ್ರಾಯ.

ಬ್ರಿಟನ್, ಜರ್ಮನಿಯಲ್ಲಿರುವವರ ಕಾನೂನು ಸ್ವಲ್ಪ ಗಟ್ಟಿ. ಅಲ್ಲಿ ವಿಮಾನ-ಹಡಗು ಒಟ್ಟಿಗೆ ಕೊಂಡರೆ ಅದು 'ಪ್ಯಾಕೇಜ್', ಇಡೀ ಪ್ರವಾಸಕ್ಕೆ ಮಾರಿದ ಸಂಸ್ಥೆಯೇ ಹೊಣೆ. ಅವರು ಒಪ್ಪಿಕೊಂಡ ವಿಶೇಷ ಬೇಡಿಕೆಗಳನ್ನು ಕರಾರಿನಲ್ಲಿ ಬರೆದು ಕೊಡಬೇಕು. ಜೊತೆ ಸೀಟು ಬೇಕೆಂದು ಬಾಯಲ್ಲಿ ಹೇಳಿ ಬಿಡಬೇಡಿ, ಒಪ್ಪಿಸಿ, ಬರೆಸಿಕೊಳ್ಳಿ.

ಇನ್ನು ಊರಿನಲ್ಲಿ ಕೂತು ಇದನ್ನು ಓದುತ್ತಿರುವ ಅಪ್ಪ-ಅಮ್ಮಂದಿರಿಗೆ. ಮಗ, ಮಗಳು ಎಲ್ಲ ನೋಡಿಕೊಂಡಿರುತ್ತಾರೆ ಎಂದು ನಂಬಬೇಡಿ. ನಾನು ನೋಡಿಕೊಂಡಿರಲಿಲ್ಲ. 'ನಮ್ಮಿಬ್ಬರದು ಪಕ್ಕಪಕ್ಕದ ಸೀಟು ತಾನೆ?' ಎಂದು ಫೋನಿನಲ್ಲಿ ಕೇಳಿ, ಅದರಲ್ಲಿ ಸಂಕೋಚ ಏನೂ ಇಲ್ಲ. ಮಾತ್ರೆ, ತಿನ್ನಲು ಏನಾದರೂ ಒಂದಿಷ್ಟು ಇಬ್ಬರ ಕೈಚೀಲದಲ್ಲೂ ಬೇರೆ ಬೇರೆ ಇರಲಿ. ಒಂದು ಚೀಟಿಯಲ್ಲಿ ನಿಮ್ಮ ಕಾಯಿಲೆ, ಮಾತ್ರೆಯ ಹೆಸರು, 'ನನಗೆ ಕನ್ನಡ ಮಾತ್ರ ಬರುತ್ತದೆ, ನನ್ನ ಮಗ ಇಂಥ ಸೀಟಿನಲ್ಲಿದ್ದಾನೆ' ಎಂದು ಇಂಗ್ಲಿಷಿನಲ್ಲಿ ಬರೆಸಿಟ್ಟುಕೊಳ್ಳಿ. ಅಮ್ಮನ ಬಳಿ ಅಂಥ ಚೀಟಿ ಇದ್ದಿದ್ದರೆ ಹಿಂದಿಯವರನ್ನು ಹುಡುಕುತ್ತಿರಲಿಲ್ಲ, ನೇರ 14ನೇ ಸಾಲಿಗೆ ಬರುತ್ತಿದ್ದರು.

ಸಿಯಾಟಲ್‌ನಲ್ಲಿ ಇಳಿದ ಮೇಲೆ ಅಪ್ಪ ನನ್ನನ್ನು ಬೈಯಲಿಲ್ಲ. ಟ್ಯಾಕ್ಸಿಯಲ್ಲಿ ಒಂದೇ ಮಾತು, 'ಅಲ್ಲಪ್ಪ, ಇವರ ಗಾಡೀಲಿ ಕಂಡಕ್ಟರ್ ಇಲ್ವಾ?' ಅಮ್ಮ, 'ಏನೂ ಆಗ್ಲಿಲ್ಲ ಸುಮ್ನಿರಿ' ಎಂದರು. ವಾಪಸ್ ಬರುವ ವಿಮಾನಕ್ಕೆ ಅಂದು ರಾತ್ರಿಯೇ ಎರಡು ಸೀಟಿಗೆ 90 ಡಾಲರ್ ಕಟ್ಟಿದೆ. ಅಲಾಸ್ಕಾ ಚೆನ್ನಾಗಿತ್ತು, ಹಿಮನದಿ ನೋಡಿ ಅಮ್ಮ ಕೈ ಮುಗಿದರು. ಪ್ರವಾಸದ ಬಗ್ಗೆ ಯಾರು ಕೇಳಿದರೂ ಹಡಗಿನ ಮಾತೇ ಹೊರತು ವಿಮಾನದ ಮಾತು ಅವರ ಬಾಯಿಂದ ಬರಲಿಲ್ಲ.

ಹಾಗಂತ ನಾನು ತಿಳಿದಿದ್ದೆ. ಈ ಡಿಸೆಂಬರ್‌ಗೆ ಧಾರವಾಡದಿಂದ ನನ್ನ ಅತ್ತೆ-ಮಾವ ಬರುವವರಿದ್ದಾರೆ. ಅವರಿಗೂ ಒಂದು ಕ್ರೂಸ್ ಎಂದು ಹೇಳಲು ಕಳೆದ ವಾರ ಫೋನ್ ಮಾಡಿದೆ. ಹಡಗು ಎಷ್ಟು ದೊಡ್ಡದು, ಊಟ ಏನು ಎಂದು ಅತ್ತೆ ಕೇಳಲಿಲ್ಲ. ಆ ದಿನ ಪಕ್ಕದವರನ್ನು ಎಬ್ಬಿಸಬೇಕಾಗುತ್ತದೆಂದು ಅಮ್ಮ ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲವಂತೆ, ಅಪ್ಪ ಹಿಂದೆ ತಿರುಗಿದಾಗಲೆಲ್ಲ ಅವರಿಗೆ ಕಾಣಲಿ ಎಂದು ಕೈ ಎತ್ತುತ್ತಿದ್ದರಂತೆ. ನನಗೆ ಹೇಳದ್ದನ್ನೆಲ್ಲ ಅಮ್ಮ ಬೀಗಿತ್ತಿಗೆ ಹೇಳಿದ್ದರು. ಇಷ್ಟು ಹೇಳಿ ಅತ್ತೆ ಕೇಳಿದರು, 'ವಿಮಾನದಾಗ ನಮ್ಮಿಬ್ಬರ ಸೀಟು ಬಾಜೂಬಾಜೂ ಅದಾವೇನ್ರೀ?'